ಕಾರಾಪುರದಿಂದ ಹಾಲಿವುಡ್ಡಿಗೆ: ಮಾವುತನ ಮಗ ಸಾಬು

ಹಳೆಯ ಚಲನಚಿತ್ರಗಳನ್ನು ನೋಡುವ ಸುಖಕ್ಕೆ ಒಂದು ವಿಶೇಷ ಗುಣವುಂಟು. ಹೊಸ ಚಿತ್ರವನ್ನು ನಾವು ಕಥೆಗಾಗಿ ನೋಡುತ್ತೇವೆ. ಹಳೆಯದನ್ನು ಮುಖಗಳಿಗಾಗಿ ನೋಡುತ್ತೇವೆ. ಚಾಪ್ಲಿನ್ನನ ಕುಣಿಯುವ ಹುಬ್ಬು, ಗ್ರೇಟಾ ಗಾರ್ಬೋಳ ಮೌನ, ಡಗ್ಲಾಸ್ ಫೇರ್‌ಬ್ಯಾಂಕ್ಸನ ನೆಗೆತ ಇವೆಲ್ಲ ಕಥೆ ಮರೆತುಹೋದ ಮೇಲೂ ಕಣ್ಣಿನಲ್ಲಿ ಉಳಿಯುತ್ತವೆ. ಅವರು ಎಲ್ಲಿ ಹುಟ್ಟಿದರು, ಯಾವ ಭಾಷೆಯಾಡಿದರು ಎಂಬುದು ಆಗ ಮುಖ್ಯವಾಗುವುದಿಲ್ಲ. ಬೆಳಕು ಬಿದ್ದ ಪರದೆಯ ಮೇಲೆ ಎಲ್ಲರೂ ಒಂದೇ ನಾಡಿನ ಪ್ರಜೆಗಳು. ಆದರೆ ಆ ತಾರಾಮಂಡಲದಲ್ಲಿ ಒಂದು ಮುಖ ನಮ್ಮ ನೆಲದ್ದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರ ಜನವರಿ 27ರಂದು ಹುಟ್ಟಿದ ಸಾಬು ಎಂಬ ಮಾವುತನ ಮಗನ ಮುಖ ಅದು. ಆ ಮುಖವನ್ನು ಹಾಲಿವುಡ್ ಹೇಗೆ ಮೆಚ್ಚಿತು, ಎಷ್ಟರಮಟ್ಟಿಗೆ ಮಾತ್ರ ಮೆಚ್ಚಿತು ಎಂಬುದನ್ನು ಕುರಿತು ನಾನಿಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ನಾನು ಕಡೂರು ತಾಲ್ಲೂಕಿನ ಸಿಂಗಟಗೆರೆಯವನು. ನಮ್ಮದು ಬಯಲುಸೀಮೆ, ಅಮೃತಮಹಲ್ ಕಾವಲುಗಳ ನಾಡು. ನಮಗೆ ದನಕರುಗಳು ಗೊತ್ತು. ಆನೆಯೆಂದರೆ ದಸರಾ ಪಟದಲ್ಲಿ ಕಂಡದ್ದೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ನಮ್ಮ ಸುತ್ತಿನ ಊರುಗಳಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಡೇರೆಯ ಒಳಗೆ ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಣಾಶ್ರಮಗಳು. ಕನ್ನಡ, ತೆಲುಗು, ತಮಿಳು ಚಿತ್ರಗಳ ನಡುವೆ ಎಂದೋ ಒಮ್ಮೆ ಸವೆದ ಇಂಗ್ಲಿಷ್ ಚಿತ್ರವೊಂದು ಬಂದು ಎರಡು ದಿನ ಇದ್ದು ಹೋಗುವುದು. ಮಾತು ಯಾರಿಗೂ ತಿಳಿಯದು. ಆದರೂ ನೆಲದ ಗಿರಾಕಿಗಳಿಗೆ ತಿಳಿಯದ್ದು ಏನೂ ಇರುತ್ತಿರಲಿಲ್ಲ. ‘ಬಾಗ್ದಾದಿನ ಕಳ್ಳ’ನಲ್ಲಿ ಸಾಬು ಸೀಸೆಯಿಂದ ಭೂತವನ್ನು ಬಿಡಿಸಿದಾಗ ಪಕ್ಕದಲ್ಲಿದ್ದ ಮುದುಕರೊಬ್ಬರು, “ಈ ಹುಡುಗ ನಮ್ಮೋರ ಹಂಗವ್ನಲ್ಲೋ!” ಎಂದದ್ದು ನನಗೆ ನೆನಪಿದೆ. ಅವರ ಮಾತು ನಿಜವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಪ್ಲಾಜಾ, ರೆಕ್ಸ್‌ಗಳ ಕತ್ತಲಲ್ಲಿ ಕೂರುವ ಚಟ ಹತ್ತಿದ ಕಾಲದಲ್ಲಿ. ಇಂದು ಆ ಎರಡು ಚಿತ್ರಮಂದಿರಗಳೂ ಇಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದನ್ನು ತಯಾರಿಸಲು ನಮ್ಮವರು ಕೊಲ್ಲಾಪುರಕ್ಕೆ ಹೋಗಬೇಕಾಯಿತು; ಕನ್ನಡನಾಡಿನಲ್ಲಿ ಅದಕ್ಕೆ ಬೇಕಾದ ಸ್ಟುಡಿಯೋ ಇರಲಿಲ್ಲ. ನಮ್ಮ ಚಿತ್ರ ಹೀಗೆ ಹೊರಗೆ ಹೋಗಿ ಹುಟ್ಟಿದ ಮರುವರ್ಷವೇ, 1935ರಲ್ಲಿ, ಪ್ರಪಂಚದ ಹೆಸರಾಂತ ಕ್ಯಾಮೆರಾವೊಂದು ಹೊರಗಿನಿಂದ ಮೈಸೂರಿಗೆ ಬಂದಿತು. ಬಂದಾತ ಅಮೆರಿಕದ ರಾಬರ್ಟ್ ಫ್ಲಾಹರ್ಟಿ. ಉತ್ತರದ ಹಿಮಪ್ರದೇಶದ ಎಸ್ಕಿಮೋ ಕುಟುಂಬವೊಂದರ ಬಾಳನ್ನು ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರದಲ್ಲಿ 1922ರಷ್ಟು ಹಿಂದೆಯೇ ತೋರಿಸಿ, ಸಾಕ್ಷ್ಯಚಿತ್ರವೆಂಬ ಪ್ರಕಾರಕ್ಕೆ ತಳಹದಿ ಹಾಕಿದವನು. ಅವನನ್ನು ಕಳುಹಿಸಿದವನು ಲಂಡನ್ ಫಿಲ್ಮ್ಸ್‌ನ ಒಡೆಯ ಅಲೆಗ್ಸಾಂಡರ್ ಕೋರ್ಡಾ. ರಡ್‌ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ ಸಂಕಲನದಲ್ಲಿ ತೂಮಾಯ್ ಎಂಬ ಮಾವುತನ ಮಗನ ಕಥೆಯೊಂದಿದೆ. ಮನುಷ್ಯರಾರೂ ಕಾಣದ ಆನೆಗಳ ಕುಣಿತವನ್ನು ಆ ಹುಡುಗ ಆನೆಯ ಬೆನ್ನ ಮೇಲೆ ಕುಳಿತು ಕಾಣುತ್ತಾನೆ. ಚಿತ್ರವಾಗಬೇಕಾಗಿದ್ದುದು ಈ ಕಥೆ.

ಅದಕ್ಕೆ ಮೈಸೂರು ತಕ್ಕ ತಾಣವೇ ಆಗಿತ್ತು. ಕಾಡಾನೆಗಳ ಹಿಂಡನ್ನು ಸುತ್ತುವರಿದು, ಕಂದಕ ತೋಡಿದ ಆವರಣಕ್ಕೆ ಅಟ್ಟಿ ಹಿಡಿಯುವ ಖೆಡ್ಡಾ ಪದ್ಧತಿಯನ್ನು ನಮ್ಮ ಸೀಮೆಯಲ್ಲಿ 1870ರ ದಶಕದಲ್ಲಿ ರೂಢಿಸಿದವನು ಜಿ. ಪಿ. ಸ್ಯಾಂಡರ್ಸನ್. ಕಿಪ್ಲಿಂಗನ ಕಥೆಯ ಪೀಟರ್‌ಸನ್ ಸಾಹೇಬನಿಗೆ ಈ ಸ್ಯಾಂಡರ್ಸನ್ನನೇ ಮೂಲವೆಂದು ಹೇಳುವುದುಂಟು. ಹಾಗಿದ್ದರೆ ಕಥೆ ತನ್ನ ತವರಿಗೇ ಮರಳಿ ಬಂದಂತಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಅರಸರು. ಮಿರ್ಜಾ ಇಸ್ಮಾಯಿಲ್ ದಿವಾನರು. ಫ್ಲಾಹರ್ಟಿಗೆ ಅರಮನೆಯ ಆನೆಗಳು ದೊರೆತವು, ಕಾಡು ದೊರೆಯಿತು, ಕಬಿನಿಯ ದಡದ ಖೆಡ್ಡಾ ಭೂಮಿ ದೊರೆಯಿತು. ಕಥೆಯ ಕಾಲಾನಾಗನ ಪಾತ್ರಕ್ಕೆ ಐರಾವತನೆಂಬ ಅರಮನೆಯ ಭಾರಿ ಸಲಗ ಸಿಕ್ಕಿತು. ಇನ್ನು ಬೇಕಾದದ್ದು ಆನೆಗೆ ಹೆದರದ ಒಬ್ಬ ಹುಡುಗ.

ಆ ಹುಡುಗ ಅರಮನೆಯ ಆನೆಲಾಯದಲ್ಲಿದ್ದ. ತಂದೆ ಮಾವುತ, ಆಗಲೇ ತೀರಿಕೊಂಡಿದ್ದ. ತಾಯಿಯೂ ಇರಲಿಲ್ಲ. ಹನ್ನೊಂದು ವರ್ಷದ ಅನಾಥನಿಗೆ ಆನೆಗಳೇ ಒಡನಾಡಿಗಳು. ಇಂಗ್ಲಿಷ್ ಬಾರದು, ಕ್ಯಾಮೆರಾ ಎಂದರೇನೆಂಬುದೂ ತಿಳಿಯದು. ತಿಳಿಯದ್ದೇ ಒಳ್ಳೆಯದಾಯಿತೇನೋ. ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಅವನು ಐರಾವತನ ಕತ್ತಿನ ಮೇಲೆ ಕುಳಿತು ಬರುವುದನ್ನು ನೋಡಿ. ಅಲ್ಲಿ ನಟನೆಯೇ ಇಲ್ಲ. ಆನೆಯ ಸೊಂಡಿಲನ್ನು ಮೆಟ್ಟಿಲಾಗಿ ಬಳಸಿ ಮೇಲೇರುವ ಆ ಸಲೀಸು, ಹೊಳೆಯಲ್ಲಿ ಆನೆಯ ಮೈಯುಜ್ಜುವಾಗಿನ ಆ ಸಲಿಗೆ, ಯಾವ ನಟನಾಶಾಲೆಯೂ ಕಲಿಸಲಾರದ್ದು. ತಲೆಮಾರುಗಳಿಂದ ಬಂದ ಮಾವುತಿಕೆಯೇ ಅಲ್ಲಿ ಕಲೆಯಾಗಿದೆ.

ಫ್ಲಾಹರ್ಟಿಯದು ನಿಧಾನದ ಕೈ. ಕಥೆಗಿಂತ ಕಾಡನ್ನು ಹೆಚ್ಚು ಪ್ರೀತಿಸಿದ ಆತ ಮೈಲಿಗಟ್ಟಲೆ ಫಿಲ್ಮ್ ತೆಗೆದ. ಕಾದು ಬೇಸತ್ತ ಕೋರ್ಡಾ ಎಲ್ಲರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡು, ಉಳಿದ ಭಾಗವನ್ನು ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತನ್ನ ತಮ್ಮ ಜೋಲ್ಟಾನ್ ಕೋರ್ಡಾನಿಂದ ಪೂರೈಸಿದ. 1937ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ಈ ಎರಡು ಕೈಗಳ ಹೊಲಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಒಂದು ದೃಶ್ಯದಲ್ಲಿ ಕಬಿನಿಯ ನೀರು ನಿಜವಾಗಿ ಹರಿಯುತ್ತದೆ. ಮುಂದಿನದರಲ್ಲಿ ಸ್ಟುಡಿಯೋದ ಕಾಡು. ಮಗ ಕಾರಾಪುರದವನು, ಅವನ ತಂದೆಯ ಪಾತ್ರದಲ್ಲಿರುವವನು ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಬಿಳಿಯ ನಟ. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಇಬ್ಬರಿಗೂ ಸೇರಿ ನಿರ್ದೇಶನದ ಪ್ರಶಸ್ತಿ ದೊರೆಯಿತು. ಆದರೆ ಜನ ಕಂಡದ್ದು, ಜನ ಮೆಚ್ಚಿದ್ದು ಆ ಹುಡುಗನ ನಗೆಯನ್ನು.

ಆಮೇಲಿನದು ವೇಗದ ಏರಿಕೆ. 1938ರಲ್ಲಿ ‘ದಿ ಡ್ರಮ್’. ವಾಯವ್ಯ ಗಡಿಯ ರಾಜಕುಮಾರನೊಬ್ಬ ಬ್ರಿಟಿಷರ ಆಪ್ತಮಿತ್ರನಾಗುವ ಕಥೆ. ಸ್ವಾತಂತ್ರ್ಯ ಚಳವಳಿಯ ಬಿಸಿಯಲ್ಲಿದ್ದ ನಮ್ಮ ದೇಶದಲ್ಲಿ ಅದು ಸಾಮ್ರಾಜ್ಯದ ತುತ್ತೂರಿಯಂತೆ ಕೇಳಿಸಿದ್ದು ಸಹಜ. ಮುಂಬಯಿಯಲ್ಲಿ, ಮದರಾಸಿನಲ್ಲಿ ಪ್ರತಿಭಟನೆಗಳಾದವು. 1940ರಲ್ಲಿ ‘ಬಾಗ್ದಾದಿನ ಕಳ್ಳ’. ಡೆನ್‌ಹ್ಯಾಮಿನಲ್ಲಿ ಆರಂಭವಾದ ಈ ಚಿತ್ರ, 1939ರಲ್ಲಿ ಯುದ್ಧ ಸಿಡಿದದ್ದರಿಂದ ಅಟ್ಲಾಂಟಿಕ್ ದಾಟಿ ಹಾಲಿವುಡ್ಡಿನಲ್ಲಿ ಮುಗಿಯಿತು. ಚಿತ್ರದ ಜತೆಗೆ ಸಾಬುವೂ ಅಲ್ಲಿಗೆ ಹೋದ, ಅಲ್ಲಿಯೇ ನಿಂತ. ವರ್ಣಛಾಯಾಗ್ರಹಣ, ಕಲಾನಿರ್ದೇಶನ, ದೃಶ್ಯಚಮತ್ಕಾರಗಳಿಗಾಗಿ ಆ ಚಿತ್ರಕ್ಕೆ ಮೂರು ಆಸ್ಕರ್‌ಗಳು ಬಂದವು. ಹಾರುವ ಕುದುರೆ, ಹಾರುವ ಚಾಪೆ, ನಾತ್ಸಿಗಳ ಜರ್ಮನಿಯನ್ನು ತೊರೆದು ಬಂದಿದ್ದ ಕಾನ್ರಾಡ್ ವೈಟ್‌ನ ಇರಿಯುವ ಕಣ್ಣುಗಳು, ಇವೆಲ್ಲವುಗಳ ನಡುವೆ ಬರಿಗಾಲಿನ ಒಬ್ಬ ತುಂಟ ಕಳ್ಳ ಚಿತ್ರವನ್ನು ತನ್ನದಾಗಿಸಿಕೊಳ್ಳುತ್ತಾನೆ. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೌಗ್ಲಿ. ಕಾಡು ಮಾತ್ರ ಈ ಸಲ ಕ್ಯಾಲಿಫೋರ್ನಿಯಾದ್ದು.

ಆಗ ಅವನಿಗೆ ಹದಿನೆಂಟು. ಹಾಲಿವುಡ್ಡಿನ ಕಷ್ಟ ಆರಂಭವಾದದ್ದೂ ಅಲ್ಲಿಂದಲೇ. ಹುಡುಗ ಗಂಡಸಾಗುತ್ತಿದ್ದ, ಆದರೆ ಆ ಗಂಡಸಿಗೆ ಕೊಡಲು ಅಲ್ಲಿ ಪಾತ್ರವಿರಲಿಲ್ಲ. ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಚಿತ್ರಗಳಲ್ಲಿ ಅದೇ ತುಂಡು ಬಟ್ಟೆ, ಅದೇ ಬರಿಮೈ, ಅದೇ ನಗೆ. ಪ್ರೇಮ ನಾಯಕ ಜಾನ್ ಹಾಲ್‌ನ ಪಾಲಿಗೆ, ನಾಯಿಕೆ ಮರಿಯಾ ಮೊಂಟೆಜ್. ಸಾಬು ಅವರಿಬ್ಬರ ನಡುವೆ ಓಡಾಡುವ ಗೆಳೆಯ. ನಕ್ಷತ್ರಗಳಿಗೆಲ್ಲ ಒಂದೊಂದು ಅಚ್ಚು ಇದ್ದೇ ಇತ್ತು, ನಿಜ. ಚಾಪ್ಲಿನ್ನನಿಗೆ ಟೋಪಿ ಮತ್ತು ಬೆತ್ತ. ಆದರೆ ಚಾಪ್ಲಿನ್ ತನ್ನ ಅಚ್ಚನ್ನು ತಾನೇ ಎರಕ ಹೊಯ್ದುಕೊಂಡವನು, ಬೇಡವಾದಾಗ ತೆಗೆದಿಟ್ಟವನು. ಸಾಬುವಿನ ಅಚ್ಚು ಬೇರೆಯವರು ಮಾಡಿದ್ದು. ಅದರಿಂದ ಹೊರಬರುವ ಬಾಗಿಲನ್ನು ಯಾರೂ ಇಟ್ಟಿರಲಿಲ್ಲ.

ಪರದೆಯ ಹೊರಗಿನ ಬಾಗಿಲುಗಳ ವಿಚಾರವೂ ಹಾಗೆಯೇ. ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ 1923ರಲ್ಲಿ ತೀರ್ಪಿತ್ತಿತ್ತು. ಸಾಮಾನ್ಯ ಭಾರತೀಯರಿಗೆ ಆ ತಡೆ ನೀಗಿದ್ದು 1946ರ ಕಾಯಿದೆಯಿಂದ. ಅಂಥ ಕಾಲದ ನಡುವೆ, 1944ರಲ್ಲಿ, ಸಾಬು ಅಮೆರಿಕದ ಪೌರನಾದ. ಅಲ್ಲಿನ ವಾಯುದಳವನ್ನು ಸೇರಿ, ಪೆಸಿಫಿಕ್ ರಣರಂಗದಲ್ಲಿ ಲಿಬರೇಟರ್ ಬಾಂಬರ್ ವಿಮಾನದ ಗನ್ನರ್ ಆಗಿ ಹತ್ತಾರು ಹಾರಾಟಗಳನ್ನು ಮಾಡಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಹಾರುವ ಚಾಪೆಯ ಹುಡುಗ ನಿಜವಾಗಿ ಹಾರಿದ್ದು ಹೀಗೆ. ಅವನ ಬಾಳಿನ ಈ ಅಧ್ಯಾಯದಲ್ಲಿ ಒಂದು ಪ್ರೌಢ ಪಾತ್ರಕ್ಕೆ ಬೇಕಾದ ಎಲ್ಲವೂ ಇತ್ತು. ಅದನ್ನು ಚಿತ್ರಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಯುದ್ಧಾನಂತರದ ಒಂದು ಚಿತ್ರ ಮಾತ್ರ ಉತ್ತಮೋತ್ತಮ: 1947ರ ‘ಬ್ಲ್ಯಾಕ್ ನಾರ್ಸಿಸಸ್’. ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿಯ ಕೃತಿ. ಡೆಬೊರಾ ಕರ್ ಮುಖ್ಯ ಪಾತ್ರದಲ್ಲಿದ್ದಾಳೆ. ಹಿಮಾಲಯದ ಕಥೆಯಾದರೂ ಅದನ್ನು ತೆಗೆದದ್ದು ಇಂಗ್ಲೆಂಡಿನಲ್ಲಿ. ಪರ್ವತಗಳು ಗಾಜಿನ ಮೇಲೆ ಬರೆದ ಚಿತ್ರಗಳು. ಸಾಬು ಅಲ್ಲಿ ಮೈತುಂಬ ಉಡುಗೆ ತೊಟ್ಟು, ಅತ್ತರು ಪೂಸಿಕೊಂಡ ಯುವ ಜನರಲ್ ಆಗಿ ಬರುತ್ತಾನೆ. ಅವನ ಪ್ರೇಯಸಿ, ಬೆಟ್ಟದ ಹುಡುಗಿಯಾಗಿ ಬರುವವಳು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. ಪಾತ್ರ ಚಿಕ್ಕದು, ಆದರೂ ಅವನ ಕೈಗೆ ಬೇರೆ ಬಗೆಯ ಪಾತ್ರಗಳು ಬಂದಿದ್ದರೆ ಏನಾಗಬಹುದಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ. ‘ಮ್ಯಾನ್‌ಈಟರ್ ಆಫ್ ಕುಮಾಂವ್’, ‘ಸಾಂಗ್ ಆಫ್ ಇಂಡಿಯಾ’ಗಳಲ್ಲಿ ಮತ್ತೆ ಕಾಡು, ಮತ್ತೆ ಹುಲಿ. 1952ರಲ್ಲಿ ಅವನು ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ನೀಡಿದ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ನಲವತ್ತು ತುಂಬಿರಲಿಲ್ಲ. ಮರುವರ್ಷ ಬಿಡುಗಡೆಯಾದ ಕೊನೆಯ ಚಿತ್ರದ ಹೆಸರಿನಲ್ಲೂ ಒಂದು ಹುಲಿಯಿತ್ತು.

ಇಷ್ಟೆಲ್ಲ ತಿಳಿದ ಮೇಲೆ ಈ ಚಿತ್ರಗಳನ್ನು ಆನಂದಿಸುವುದು ಸಾಧ್ಯವೇ, ಉಚಿತವೇ ಎಂದು ಕೆಲವು ಮಿತ್ರರು ಕೇಳುತ್ತಾರೆ. ಸಾಮ್ರಾಜ್ಯದ ಗರ್ವ, ಬಣ್ಣದ ಭೇದ, ಪೂರ್ವದೇಶವೆಂದರೆ ಹಾವು ಮತ್ತು ಮಾಯೆ ಎಂಬ ಮೌಢ್ಯ ಎಲ್ಲವೂ ಅಲ್ಲಿವೆ. ಅವುಗಳಿಗೆ ಕಣ್ಣುಮುಚ್ಚಬೇಕಾಗಿಲ್ಲ. ಆದರೆ ಅವುಗಳಿಗಾಗಿ ಚಿತ್ರವನ್ನೇ ಎಸೆಯುವುದೆಂದರೆ ಸಾಬುವನ್ನು ಎರಡನೆಯ ಬಾರಿ ಕಳೆದುಕೊಂಡಂತೆ. ಅಚ್ಚನ್ನು ಮಾಡಿದವರು ಬೇರೆಯವರಿರಬಹುದು. ಅದರೊಳಗೆ ತುಂಬಿದ ಜೀವ ನಮ್ಮ ಹುಡುಗನದು. ಎಷ್ಟು ದುರ್ಬಲ ಕಥೆಯಲ್ಲೂ ಅವನು ಪ್ರಾಣಿಯ ಮೈಮೇಲೆ ಕೈಯಿಟ್ಟ ಕ್ಷಣ ಸುಳ್ಳು ನಿಲ್ಲುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ಕಾಡುಗಳಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದು ನಿಂತದ್ದು ಒಳ್ಳೆಯದೇ. ಆನೆಗಳ ಆ ಆಕ್ರಂದನ ಇನ್ನು ಬೇಡ. ಅನಂತರ, 1974ರಲ್ಲಿ, ಕಬಿನಿಗೆ ಅಣೆಕಟ್ಟೆಯಾಯಿತು. ಕಾಕನಕೋಟೆಯ ಹಳೆಯ ಕಾಡು, ಖೆಡ್ಡಾ ಭೂಮಿ ಬಹುಪಾಲು ನೀರಿನಡಿ ಸೇರಿದವು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿದವರಿಗೆ, ಸಿ. ಆರ್. ಸಿಂಹ ಅವರು 1977ರಲ್ಲಿ ತೆಗೆದ ಚಿತ್ರವನ್ನು ನೋಡಿದವರಿಗೆ ಆ ಹೆಸರೆಂದರೆ ಏನೆಂದು ಗೊತ್ತು. ಮುಳುಗುವ ಮೊದಲಿನ ಆ ಸೀಮೆ, 1930ರ ದಶಕದ ಆ ಹೊಳೆ, ಆ ಮಾವುತರು, ಕಾವಾಡಿಗಳು ಇಂದಿಗೂ ಚಲಿಸುವುದು ಲಂಡನ್ ಕಂಪೆನಿಯೊಂದು ತನ್ನ ಲಾಭಕ್ಕಾಗಿ ಮಾಡಿದ ಚಿತ್ರದಲ್ಲಿ. ಅನ್ಯರ ಪೆಟ್ಟಿಗೆಯಲ್ಲಿ ನಮ್ಮ ಒಡವೆ ಉಳಿದಿದೆ. ಅದನ್ನು ಗುರುತಿಸಿ ‘ಇದು ನಮ್ಮದು’ ಎನ್ನಬೇಕಾದವರು ನಾವೇ.

ಹಾಲಿವುಡ್ಡಿನ ಪಾದಪಥದಲ್ಲಿ ಸಾಬುವಿನ ಹೆಸರಿನ ನಕ್ಷತ್ರವೊಂದನ್ನು ಕಲ್ಲಿನಲ್ಲಿ ಕೂರಿಸಿದ್ದಾರೆ. ಅವನ ಸಮಾಧಿಯೂ ಅಲ್ಲಿಗೆ ದೂರವಲ್ಲದ ಫಾರೆಸ್ಟ್ ಲಾನ್‌ನಲ್ಲಿದೆ. ‘ಎಲಿಫೆಂಟ್ ಬಾಯ್’ ಎಲ್ಲಿಯಾದರೂ ದೊರೆತರೆ ಒಮ್ಮೆ ನೋಡಿ. ಕಥೆಯ ಕಡೆ ಹೆಚ್ಚು ಲಕ್ಷ್ಯ ಕೊಡಬೇಡಿ. ಹುಡುಗನನ್ನು ನೋಡಿ, ಐರಾವತನನ್ನು ನೋಡಿ, ಅವರಿಬ್ಬರ ಹಿಂದೆ ಅಣೆಕಟ್ಟೆಯನ್ನು ಅರಿಯದೆ ಹರಿಯುತ್ತಿರುವ ಕಬಿನಿಯನ್ನು ನೋಡಿ.