ಮೊಟ್ಟೆ ವಿಮಾನ ಹತ್ತಿತು, ಹಕ್ಕಿ ಭರತಪುರಕ್ಕೆ ಬರಲಿಲ್ಲ

ಇವತ್ತಿನ ಕಥೆ ಒಂದು ಬಿಳಿ ಹಕ್ಕಿಯದ್ದು. ಹೆಸರು ಸೈಬೀರಿಯನ್ ಕ್ರೇನ್. ಮೆಟ್ರೋ ಕಾಮಗಾರಿಯ ಕ್ರೇನ್ ಅಲ್ಲ ಮತ್ತೆ! ಉದ್ದ ಕಾಲಿನ ಹಕ್ಕಿಗಳನ್ನೆಲ್ಲ ನಾವು ಕೊಕ್ಕರೆ ಅಂದುಬಿಡ್ತೀವಿ, ಆದರೆ ಇದರ ಕುಟುಂಬವೇ ಬೇರೆ. ಮೈಯೆಲ್ಲ ಬೆಳ್ಳಗೆ, ಮುಖ ಕೆಂಪು. ರೆಕ್ಕೆ ತುದಿಯ ಕಪ್ಪು ಕಾಣಬೇಕು ಅಂದ್ರೆ ಅದು ಹಾರಬೇಕು.

ಬೇಸಿಗೆಯಲ್ಲಿ ರಷ್ಯಾದ ಉತ್ತರದ ಜೌಗು ನೆಲದಲ್ಲಿ ಗೂಡು, ಚಳಿ ಶುರುವಾದ ಕೂಡಲೇ ದಕ್ಷಿಣಕ್ಕೆ ಪ್ರಯಾಣ. ಇವುಗಳಲ್ಲಿ ಒಂದು ಗುಂಪು ಸಾವಿರಾರು ಕಿಲೋಮೀಟರ್ ಹಾರಿ ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. 1960ರ ದಶಕದಲ್ಲಿ ಅಲ್ಲಿ ಸುಮಾರು 200 ಹಕ್ಕಿಗಳಿದ್ದವು. ಆಮೇಲೆ ಸಂಖ್ಯೆ ಇಳಿಯುತ್ತಲೇ ಹೋಯಿತು.

ಈಗ ಅಮೆರಿಕಕ್ಕೆ ಹೋಗೋಣ. 1973ರಲ್ಲಿ ಜಾರ್ಜ್ ಆರ್ಚಿಬಾಲ್ಡ್, ರಾನ್ ಸೌಯಿ ಎಂಬ ಇಬ್ಬರು ಯುವಕರು ವಿಸ್ಕಾನ್ಸಿನ್‌ನ ಒಂದು ಕುದುರೆ ಫಾರ್ಮ್‌ನಲ್ಲಿ ಇಂಟರ್‌ನ್ಯಾಷನಲ್ ಕ್ರೇನ್ ಫೌಂಡೇಶನ್ ಶುರು ಮಾಡಿದರು. ಕಾಡಿನಲ್ಲಿ ಹಕ್ಕಿ ಅಳಿದರೂ ತಳಿ ಉಳಿಯಲಿ ಅಂತ ಸಾಕಿ ಬೆಳೆಸುವ ಯೋಚನೆ ಅವರದ್ದು. ಆದರೆ ಮೊಟ್ಟೆ ಇರೋದು ಸೋವಿಯತ್ ನೆಲದಲ್ಲಿ, ಕಾಲ ಶೀತಲ ಸಮರದ್ದು! ಪುಣ್ಯಕ್ಕೆ 1972ರಲ್ಲೇ ಎರಡೂ ದೇಶಗಳು ಪರಿಸರ ರಕ್ಷಣೆಗೆ ಒಂದು ಒಪ್ಪಂದ ಮಾಡಿಕೊಂಡಿದ್ದವು. ಅಣ್ವಸ್ತ್ರದ ಜಗಳ ಒಂದು ಕಡೆ, ಹಕ್ಕಿ ಮಾತುಕತೆ ಇನ್ನೊಂದು ಕಡೆ.

ಈ ಕ್ರೇನ್ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತೆ, ಬದುಕೋದು ಹೆಚ್ಚಾಗಿ ಒಂದೇ ಮರಿ. ಹಾಗಾಗಿ ಗೂಡಿನಿಂದ ಒಂದು ಮೊಟ್ಟೆ ತೆಗೆದರೆ ಅಷ್ಟೇನೂ ನಷ್ಟವಿಲ್ಲ. 1977ರಲ್ಲಿ ಸೋವಿಯತ್ ಪಕ್ಷಿತಜ್ಞ ವ್ಲಾದಿಮಿರ್ ಫ್ಲಿಂಟ್ ಅವರ ತಂಡ ಯಾಕುತಿಯಾದಲ್ಲಿ ತೆಗೆದ ಮೊಟ್ಟೆಗಳು ಬೆಚ್ಚಗೆ ಮಾಸ್ಕೋ ದಾಟಿ ವಿಸ್ಕಾನ್ಸಿನ್ ಸೇರಿದವು. ಒಂದು ಮರಿಗೆ ವ್ಲಾದಿಮಿರ್ ಅಂತಲೇ ಹೆಸರಿಟ್ಟರು. 1981ರಲ್ಲಿ ಅಲ್ಲಿ ಸಾಕಿದ ಹಕ್ಕಿಗಳ ಮೊಟ್ಟೆಯೇ ಒಡೆದು ಮರಿ ಬಂತು. ಮುಂದೆ ಅಮೆರಿಕದಿಂದ ರಷ್ಯಾಕ್ಕೂ ಮೊಟ್ಟೆಗಳು ಹೋದವು. ಇಲ್ಲಿಗೇ ನಿಲ್ಲಿಸಿದರೆ ಇದು ಚಂದದ ಕಥೆ.

ಆದರೆ ಭರತಪುರದ ದಾರಿ ವಾಷಿಂಗ್ಟನ್, ಮಾಸ್ಕೋ ಮೇಲೆ ಹಾದು ಹೋಗಲ್ಲ. ಅದು ಅಫ್ಘಾನಿಸ್ತಾನದ ಆಬ್-ಎ-ಇಸ್ತಾದಾ ಸರೋವರದ ಮೇಲೆ, ಪಾಕಿಸ್ತಾನದ ಕಣಿವೆಗಳ ಮೇಲೆ. ಆ ಕಣಿವೆಗಳಲ್ಲಿ ಕ್ರೇನ್ ಹಿಡಿಯೋದು ಹಳೆಯ ಹವ್ಯಾಸ. ಸಾಕಿದ ಕ್ರೇನ್‌ಗಳ ಕೂಗಿಗೆ ಮೇಲಿನ ಹಿಂಡು ಕೆಳಗಿಳಿಯುತ್ತೆ, ಆಗ ತುದಿಗೆ ಸೀಸದ ಗುಂಡು ಕಟ್ಟಿದ ಹಗ್ಗ ಬೀಸುತ್ತಾರೆ. ಸಿಗುತ್ತಿದ್ದದ್ದು ಹೆಚ್ಚಾಗಿ ಬೇರೆ ಜಾತಿಯ ಕ್ರೇನ್‌ಗಳೇ. ಆದರೆ ಕೆಲವೇ ಡಜನ್ ಉಳಿದ ಗುಂಪಿಗೆ ಒಂದೆರಡು ಹೋದರೂ ದೊಡ್ಡ ಪೆಟ್ಟು. 1979ರ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಹೌದು, ಮೊಟ್ಟೆ ಕಳಿಸಿದ ಅದೇ ದೇಶ. ದಾರಿಯುದ್ದಕ್ಕೂ ಬಂದೂಕು ಹೆಚ್ಚಾದವು.

1993ರಲ್ಲಿ ಬಾನ್ ಒಪ್ಪಂದದ ಅಡಿಯಲ್ಲಿ, ಈ ಹಕ್ಕಿ ಹಾದುಹೋಗುವ ದೇಶಗಳಿಗಾಗಿಯೇ ಒಂದು ತಿಳಿವಳಿಕೆ ಪತ್ರ ಬಂತು. ತಡವಾಗಿತ್ತು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಕಾನೂನಿನ ಬಲವೂ ಇರಲಿಲ್ಲ. ಸಾಕಿದ ಮರಿಗಳನ್ನು ಭರತಪುರಕ್ಕೆ ತಂದು ಬಿಟ್ಟೂ ನೋಡಿದರು, ಕಾಡು ಹಕ್ಕಿಗಳ ಜೊತೆ ಉತ್ತರಕ್ಕೆ ಹೋಗಲಿ ಅಂತ. ಅವು ಹೋಗಲಿಲ್ಲ.

ಚೀನಾದ ಪೊಯಾಂಗ್ ಸರೋವರಕ್ಕೆ ಇವತ್ತಿಗೂ ಸಾವಿರಾರು ಸೈಬೀರಿಯನ್ ಕ್ರೇನ್‌ಗಳು ಬರುತ್ತವೆ. ಭರತಪುರಕ್ಕೆ 2001-02ರ ಚಳಿಗಾಲದಲ್ಲಿ ಬಂದದ್ದು ಒಂದೇ ಜೋಡಿ. ಮಾರನೇ ವರ್ಷ ಅದೂ ಬರಲಿಲ್ಲ.