ಮಗುವಿನ ಮಾತು ಮತ್ತು ಕಲಿಕೆಗೆ ಶ್ರವಣ ತಂತ್ರಜ್ಞಾನ: ಕೋಡ್ಲಾ ಪರಿಸರದ ಪೋಷಕರು, ಶಿಕ್ಷಕರು ತಿಳಿಯಬೇಕಾದದ್ದು

ಮಗು ಮಾತನ್ನು ಕಲಿಯುವುದು ಬಾಯಿಯಿಂದಲ್ಲ, ಕಿವಿಯಿಂದ. ಹುಟ್ಟಿದ ಕ್ಷಣದಿಂದ ಕೇಳಿದ ಸಾವಿರಾರು ಮಾತುಗಳು ಮನಸ್ಸಿನಲ್ಲಿ ನೆಲೆಯೂರಿದ ಮೇಲಷ್ಟೇ ಮೊದಲ ತೊದಲ್ನುಡಿ ಹೊರಡುತ್ತದೆ. ಕೇಳುವಿಕೆಯಲ್ಲಿ ಕೊರತೆಯಿದ್ದರೆ ಮಾತು, ಓದು, ಬರಹ, ಲೆಕ್ಕ ಎಲ್ಲವೂ ಒಂದರ ಹಿಂದೆ ಒಂದರಂತೆ ಹಿಂದುಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 3.4 ಕೋಟಿ ಮಕ್ಕಳಿಗೆ ಶ್ರವಣದೋಷವಿದ್ದು, ಇವುಗಳಲ್ಲಿ ಶೇ. 60ರಷ್ಟು ತಡೆಗಟ್ಟಬಹುದಾದ ಕಾರಣಗಳಿಂದ ಬಂದವು.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕೋಡ್ಲಾ ಹಾಗೂ ಸುತ್ತಲಿನ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಮತ್ತು ಕಲ್ಲು ಪಾಲಿಶ್ ಘಟಕಗಳಿಗೆ ಹೆಸರಾದ ಪ್ರದೇಶ. ಸದ್ದು, ಧೂಳು, ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲು ಮತ್ತು ಹಲವು ಭಾಷೆಗಳ ಬೆರಕೆ ಇಲ್ಲಿನ ನಿತ್ಯದ ಸ್ಥಿತಿ. ಶ್ರವಣ ಸಾಧನ ಧರಿಸುವ ಮಗುವಿಗೆ ಈ ನಾಲ್ಕೂ ಅಂಶಗಳು ಮುಖ್ಯವಾಗುತ್ತವೆ.

ಕಾರಣಗಳು ಮತ್ತು ಲಕ್ಷಣಗಳು

ಗರ್ಭಿಣಿಗೆ ತಗಲುವ ರುಬೆಲ್ಲಾ ಸೋಂಕು, ಅವಧಿಪೂರ್ವ ಜನನ, ಕಡಿಮೆ ತೂಕ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮೆದುಳು ಪೊರೆಯ ಉರಿಯೂತ ಮತ್ತು ಕಿವಿಗೆ ಹಾನಿ ಮಾಡುವ ಕೆಲವು ಔಷಧಿಗಳು ಶ್ರವಣದೋಷದ ಪ್ರಮುಖ ಕಾರಣಗಳು. ಸೋದರ ಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದ ವಿವಾಹಗಳಲ್ಲಿ ಆನುವಂಶಿಕ ಕಿವುಡಿನ ಸಾಧ್ಯತೆ ಹೆಚ್ಚು. ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ಆರಂಭವಾಯಿತು. ಮಗುವಿನ ಲಸಿಕೆ ತಪ್ಪದಂತೆ ನೋಡಿಕೊಳ್ಳುವುದು ಕಿವಿಯ ರಕ್ಷಣೆಯೂ ಹೌದು.

ದೊಡ್ಡ ಸದ್ದಿಗೆ ಬೆಚ್ಚದಿರುವುದು, ಆರು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿರುವುದು, ಒಂದು ವರ್ಷ ದಾಟಿದರೂ ಹೆಸರಿಗೆ ಓಗೊಡದಿರುವುದು, ಒಂದೂವರೆ ವರ್ಷವಾದರೂ ಅರ್ಥಪೂರ್ಣ ಪದಗಳು ಬಾರದಿರುವುದು ಎಚ್ಚರಿಕೆಯ ಸೂಚನೆಗಳು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಸಮಾಧಾನದಲ್ಲಿ ವರ್ಷಗಳು ಕಳೆದುಹೋಗುತ್ತವೆ. ಹುಟ್ಟು ಕಿವುಡಿನ ಮಗುವೂ ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆ ಕೂಗಾಡುತ್ತದೆ, ನಗುತ್ತದೆ. ಆದ್ದರಿಂದ ಸದ್ದು ಮಾಡುತ್ತಿದೆ ಎಂದ ಮಾತ್ರಕ್ಕೆ ಕಿವಿ ಕೇಳುತ್ತದೆ ಎನ್ನಲಾಗದು.

ಪರೀಕ್ಷೆ ಯಾವಾಗ, ಹೇಗೆ?

ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಸಾಧನ ಹಾಗೂ ತರಬೇತಿ ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಕ್ರಮ. ಒಎಇ ಎಂಬ ತಪಾಸಣೆಯಲ್ಲಿ ಕಿವಿಯೊಳಗೆ ಪುಟ್ಟ ನಳಿಕೆಯಿಟ್ಟು ಒಳಕಿವಿಯ ಪ್ರತಿಧ್ವನಿಯನ್ನು ಅಳೆಯಲಾಗುತ್ತದೆ. ಬೇರಾ ಪರೀಕ್ಷೆಯು ಸದ್ದಿಗೆ ಶ್ರವಣ ನರ ಹಾಗೂ ಮೆದುಳಿನ ಬುಡ ತೋರುವ ಪ್ರತಿಕ್ರಿಯೆಯನ್ನು ದಾಖಲಿಸುತ್ತದೆ. ಎರಡೂ ನೋವಿಲ್ಲದ ಪರೀಕ್ಷೆಗಳು. ಮಗು ನಿದ್ರಿಸುತ್ತಿರುವಾಗಲೇ ಮಾಡಬಹುದು. ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ನೋಡುವ ಮನೆಯ ಪರೀಕ್ಷೆ ಇವಕ್ಕೆ ಬದಲಿಯಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಕಿವುಡು ಸೇರಿದೆ. ಇದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕೆಂಬುದು ನಿಯಮ. ಸಂಶಯವಿರುವ ಮಗುವಿನ ಹೆಸರನ್ನು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಮೂಲಕ ತಂಡಕ್ಕೆ ತಿಳಿಸಬಹುದು. ಆದರೆ ಹಸುಗೂಸಿನ ವಿಷಯದಲ್ಲಿ ತಂಡದ ಭೇಟಿಗಾಗಿ ಕಾಯದೆ ನೇರವಾಗಿ ಜಿಲ್ಲಾ ಕೇಂದ್ರಕ್ಕೆ ಹೋಗುವುದೇ ಲೇಸು.

ಶ್ರವಣಯಂತ್ರ

ಜನರ ಮಾತಿನಲ್ಲಿ ‘ಕಿವಿ ಮಷಿನ್’ ಎನಿಸಿದ ಶ್ರವಣಯಂತ್ರದಲ್ಲಿ ಸದ್ದನ್ನು ಹಿಡಿಯುವ ಮೈಕ್, ಹೆಚ್ಚಿಸುವ ಆಂಪ್ಲಿಫೈಯರ್, ಕಿವಿಗೆ ತಲುಪಿಸುವ ರಿಸೀವರ್ ಎಂಬ ಮೂರು ಭಾಗಗಳಿವೆ. ಹಿಂದೆ ಅಂಗಿಯ ಜೇಬಿನಲ್ಲಿಟ್ಟು ತಂತಿಯಿಂದ ಕಿವಿಗೆ ಜೋಡಿಸುವ ಯಂತ್ರಗಳೇ ಸಾಮಾನ್ಯವಾಗಿದ್ದವು. ಮಕ್ಕಳಿಗೆ ಇಂದು ಸೂಕ್ತವೆನಿಸಿರುವುದು ಕಿವಿಯ ಹಿಂದೆ ಕೂರುವ ಡಿಜಿಟಲ್ ಯಂತ್ರ. ಇದನ್ನು ಮಗುವಿನ ಶ್ರವಣ ನಕ್ಷೆಗೆ ತಕ್ಕಂತೆ ಕಂಪ್ಯೂಟರ್ ಮೂಲಕ ಹೊಂದಿಸಬೇಕು. ಅಂಗಡಿಯಲ್ಲಿ ಅಥವಾ ಅಂತರ್ಜಾಲದಲ್ಲಿ ಸಿಗುವ ಅಗ್ಗದ ‘ಸದ್ದು ಹೆಚ್ಚಿಸುವ’ ಉಪಕರಣಗಳಲ್ಲಿ ಈ ಹೊಂದಾಣಿಕೆ ಇರುವುದಿಲ್ಲ. ಅತಿಯಾದ ಸದ್ದು ಉಳಿದಿರುವ ಶ್ರವಣಶಕ್ತಿಯನ್ನೂ ಕುಂದಿಸಬಹುದು.

ಕಿವಿಯ ಅಳತೆಗೆ ಮಾಡಿಸುವ ಅಚ್ಚು ಬೆಳೆಯುವ ಮಗುವಿಗೆ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಯಂತ್ರ ಸಿಳ್ಳೆ ಹಾಕತೊಡಗಿದರೆ ಅಚ್ಚು ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಸಿಳ್ಳೆ ತಡೆಯಲು ಧ್ವನಿ ತಗ್ಗಿಸಿದರೆ ಮಗುವಿಗೆ ಮಾತು ಕೇಳಿಸದು.

ಕಾಕ್ಲಿಯರ್ ಇಂಪ್ಲಾಂಟ್

ಶಕ್ತಿಯುತ ಯಂತ್ರದಿಂದಲೂ ಮಾತು ಕೇಳಿಸದಷ್ಟು ತೀವ್ರ ದೋಷವಿದ್ದಾಗ ಕಾಕ್ಲಿಯರ್ ಇಂಪ್ಲಾಂಟ್ ಪರಿಗಣಿಸಲಾಗುತ್ತದೆ. ಹೊರಗಿನ ಪ್ರೊಸೆಸರ್ ಸದ್ದನ್ನು ವಿದ್ಯುತ್ ಸಂಕೇತವಾಗಿಸಿ, ಒಳಕಿವಿಯಲ್ಲಿ ಅಳವಡಿಸಿದ ಎಲೆಕ್ಟ್ರೋಡ್‌ಗಳ ಮೂಲಕ ನೇರವಾಗಿ ಶ್ರವಣ ನರಕ್ಕೆ ಮುಟ್ಟಿಸುತ್ತದೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಮೆಲ್ಬರ್ನ್‌ನಲ್ಲಿ ಬಹುಚಾನೆಲ್ ಇಂಪ್ಲಾಂಟ್ ಅಳವಡಿಸಿದ್ದು ಈ ಕ್ಷೇತ್ರದ ಮೈಲಿಗಲ್ಲು.

ಇಲ್ಲಿ ಕಾಲವೇ ನಿರ್ಣಾಯಕ. ಸದ್ದಿನ ಪ್ರಚೋದನೆ ದೊರೆಯದ ಮೆದುಳಿನ ಶ್ರವಣ ಭಾಗ ಕ್ರಮೇಣ ಬೇರೆ ಕೆಲಸಗಳಿಗೆ ಒಗ್ಗಿಕೊಳ್ಳುತ್ತದೆ. ಹುಟ್ಟು ಕಿವುಡಿನ ಮಗುವಿಗೆ ಮೂರೂವರೆ ವರ್ಷದೊಳಗೆ, ಸಾಧ್ಯವಾದರೆ ಇನ್ನೂ ಮೊದಲೇ ಇಂಪ್ಲಾಂಟ್ ದೊರೆತರೆ ಫಲ ಉತ್ತಮ. ಏಳೆಂಟು ವರ್ಷದ ನಂತರ, ಈವರೆಗೆ ಸದ್ದನ್ನೇ ಕೇಳದ ಮಗುವಿಗೆ ಮಾಡಿದ ಶಸ್ತ್ರಚಿಕಿತ್ಸೆಯಿಂದ ಮಾತು ಬರುವ ಸಾಧ್ಯತೆ ತೀರಾ ಕಡಿಮೆ.

ಶಸ್ತ್ರಚಿಕಿತ್ಸೆಯ ಮರುದಿನವೇ ಮಗು ಮಾತನಾಡುತ್ತದೆ ಎಂಬ ನಿರೀಕ್ಷೆ ತಪ್ಪು. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಮೂರ್ನಾಲ್ಕು ವಾರಗಳ ನಂತರ, ಯಂತ್ರವನ್ನು ಚಾಲನೆಗೊಳಿಸಲಾಗುತ್ತದೆ. ಅಂದು ಮಗುವಿನ ‘ಶ್ರವಣ ವಯಸ್ಸು’ ಸೊನ್ನೆ. ಅಲ್ಲಿಂದ ‘ಮ್ಯಾಪಿಂಗ್’ ಎಂಬ ಮರುಹೊಂದಾಣಿಕೆ ಮತ್ತು ನಿಯಮಿತ ವಾಕ್ ತರಬೇತಿ ವರ್ಷಗಟ್ಟಲೆ ಸಾಗಬೇಕು. ತಂತಿ, ಕಾಯಿಲ್, ಬ್ಯಾಟರಿಗಳ ಖರ್ಚೂ ನಿರಂತರ. ಬಿಡಿಭಾಗ ಕೆಟ್ಟು ತಿಂಗಳುಗಟ್ಟಲೆ ಪ್ರೊಸೆಸರ್ ಮೂಲೆ ಸೇರಿದರೆ ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆ ನಿಷ್ಫಲವಾಗುತ್ತದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಖಾತರಿ ಅವಧಿ, ದುರಸ್ತಿ ಕೇಂದ್ರ ಮತ್ತು ತರಬೇತಿಯ ಸ್ಥಳವನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ತರಗತಿಯಲ್ಲಿ: ದೂರ, ಗದ್ದಲ, ಪ್ರತಿಧ್ವನಿ

ಯಂತ್ರ ಧರಿಸಿದ ಮಗು ಮನೆಯಲ್ಲಿ ಚೆನ್ನಾಗಿ ಕೇಳಿಸಿಕೊಂಡು ಶಾಲೆಯಲ್ಲಿ ಮಂಕಾಗುವುದುಂಟು. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಒಂದೆರಡು ಮೀಟರ್‌ಗಿಂತ ಆಚೆಯ ಮಾತನ್ನು ಯಂತ್ರ ಸ್ಪಷ್ಟವಾಗಿ ಹಿಡಿಯಲಾರದು. ಜೊತೆಗೆ ಬೆಂಚಿನ ಸದ್ದು, ಫ್ಯಾನಿನ ಸದ್ದು, ಹೊರಗಿನ ಲಾರಿಯ ಸದ್ದನ್ನೂ ಹೆಚ್ಚಿಸುತ್ತದೆ. ಈ ಭಾಗದ ಕಟ್ಟಡಗಳಲ್ಲಿ ಸಾಮಾನ್ಯವಾದ ಶಹಾಬಾದ್ ಕಲ್ಲಿನ ನುಣುಪು ನೆಲ ಮತ್ತು ಬರಿ ಗೋಡೆಗಳು ಸದ್ದನ್ನು ಹೀರದೆ ಹಿಂದಿರುಗಿಸುತ್ತವೆ. ತಗಡಿನ ಛಾವಣಿಯಾದರೆ ಮಳೆಗಾಲದಲ್ಲಿ ಪಾಠವೇ ಕೇಳಿಸದು. ಶ್ರವಣದೋಷವಿರುವ ಮಗುವಿಗೆ ಶಿಕ್ಷಕರ ಧ್ವನಿ ಹಿನ್ನೆಲೆಯ ಗದ್ದಲಕ್ಕಿಂತ 15 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು ಎಂಬುದು ತಜ್ಞರ ಶಿಫಾರಸು.

ಇದಕ್ಕೆ ಪರಿಹಾರ ರಿಮೋಟ್ ಮೈಕ್. ಎಫ್‌ಎಂ ಸಿಸ್ಟಂ ಎಂದೂ ಕರೆಯಲ್ಪಡುವ ಈ ವ್ಯವಸ್ಥೆಯಲ್ಲಿ ಶಿಕ್ಷಕರು ಬಾಯಿಂದ ಒಂದು ಗೇಣಿನೊಳಗೆ ಪುಟ್ಟ ಮೈಕ್ ಧರಿಸುತ್ತಾರೆ. ಅವರ ಮಾತು ನಿಸ್ತಂತುವಾಗಿ ಮಗುವಿನ ಯಂತ್ರಕ್ಕೇ ಬರುತ್ತದೆ. ಶಿಕ್ಷಕರು ಎಲ್ಲೇ ನಿಂತರೂ ಪಕ್ಕದಲ್ಲಿ ಕೂತು ಮಾತನಾಡಿದಂತೆ ಕೇಳಿಸುತ್ತದೆ. ಸಿಬ್ಬಂದಿ ಕೋಣೆಗೆ ಹೋಗುವಾಗ ಮೈಕ್ ಆರಿಸುವುದನ್ನು ಮರೆಯಬಾರದು.

ಮೈಕ್ ಇಲ್ಲದ ಶಾಲೆಯಲ್ಲೂ ಮಾಡಬಹುದಾದ ಕೆಲಸಗಳಿವೆ. ಮಗುವನ್ನು ಮುಂದಿನ ಸಾಲಿನಲ್ಲಿ, ರಸ್ತೆ ಬದಿಯ ಕಿಟಕಿಯಿಂದ ದೂರ ಕೂರಿಸುವುದು. ನೆಲಕ್ಕೆ ಜಮಖಾನ, ಗೋಡೆಗೆ ಬಟ್ಟೆಯ ಚಾರ್ಟು ಹಾಕುವುದು. ಬೆಂಚಿನ ಕಾಲಿಗೆ ರಬ್ಬರ್ ತೊಡಿಸುವುದು. ಹಲಗೆಯತ್ತ ತಿರುಗಿ ಮಾತನಾಡದಿರುವುದು. ಬೇರೆ ಮಗುವಿನ ಉತ್ತರವನ್ನು ಶಿಕ್ಷಕರು ಒಮ್ಮೆ ಪುನರುಚ್ಚರಿಸುವುದು.

ಕನ್ನಡದ ಧ್ವನಿಗಳು ಮತ್ತು ಮನೆಮಾತು

ಪ್ರತಿದಿನ ಬೆಳಿಗ್ಗೆ ಯಂತ್ರ ಹಾಕಿದೊಡನೆ ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಬಾಯಿ ಮರೆಮಾಡಿ ನುಡಿದು, ಮಗು ಪ್ರತಿಕ್ರಿಯಿಸುತ್ತದೆಯೇ ನೋಡಬೇಕು. ಡೇನಿಯಲ್ ಲಿಂಗ್ ರೂಪಿಸಿದ ಈ ಪರೀಕ್ಷೆ ಮಾತಿನ ಎಲ್ಲ ಕಂಪನ ಶ್ರೇಣಿಗಳನ್ನೂ ಸ್ಥೂಲವಾಗಿ ಒಳಗೊಳ್ಳುತ್ತದೆ. ನಿನ್ನೆ ಕೇಳಿದ ‘ಸ್’ ಇಂದು ಕೇಳದಿದ್ದರೆ ಬ್ಯಾಟರಿ, ಅಚ್ಚು ಅಥವಾ ಕಿವಿಯಲ್ಲಿ ತೊಂದರೆಯಿರಬಹುದು.

ಕನ್ನಡದಲ್ಲಿ ಅರ್ಥದ ಬಹುಭಾಗ ಪದದ ತುದಿಯಲ್ಲಿರುತ್ತದೆ. ಮನೆಗೆ, ಮನೆಯಲ್ಲಿ, ಮನೆಯಿಂದ. ಬಂದನು, ಬಂದಳು ಎಂಬಲ್ಲಿ ವ್ಯತ್ಯಾಸ ಹೇಳುವ ಪ್ರತ್ಯಯವನ್ನೇ ನಾವು ಮೆಲ್ಲಗೆ ನುಡಿಯುತ್ತೇವೆ. ಬೆಲೆ–ಬೆಳೆ, ಹಾಲು–ಹಾಳು, ಬಳಿ–ಬಳ್ಳಿ ಮುಂತಾದ ಜೋಡಿಗಳೂ ಕಷ್ಟವಾಗುತ್ತವೆ. ಮಗು ವಿಭಕ್ತಿ ಬಿಟ್ಟು ಬರೆದರೆ ಅದನ್ನು ದಡ್ಡತನವೆನ್ನದೆ, ಆ ತುದಿ ಕೇಳಿಸಿದೆಯೇ ಎಂದು ಮೊದಲು ಪರಿಶೀಲಿಸಬೇಕು.

ಈ ಭಾಗದ ಮನೆಗಳಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ, ಮರಾಠಿ ಬಳಕೆಯಲ್ಲಿವೆ. ಯಾವ ಭಾಷೆಯಲ್ಲಿ ಮಾತನಾಡಬೇಕೆಂಬ ಪ್ರಶ್ನೆಗೆ ಉತ್ತರ ಸರಳ: ತಾಯಿ, ತಂದೆ, ಅಜ್ಜಿ ಯಾವ ಭಾಷೆಯಲ್ಲಿ ತಡವರಿಸದೆ ಹೇರಳವಾಗಿ ಮಾತನಾಡಬಲ್ಲರೋ ಆ ಭಾಷೆ. ಪುಸ್ತಕದ ಕನ್ನಡವೇ ಆಗಬೇಕೆಂದಿಲ್ಲ. ಕಲಬುರಗಿಯ ಆಡುಮಾತೂ ಪೂರ್ಣ ಭಾಷೆಯೇ. ರೊಟ್ಟಿ ಬಡಿಯುವಾಗ, ತೊಗರಿ ಹಸನು ಮಾಡುವಾಗ, ಸ್ನಾನ ಮಾಡಿಸುವಾಗ ನಡೆಯುವ ಮಾತುಕತೆ ಅತ್ಯುತ್ತಮ ಪಾಠ. ಮೊಬೈಲ್‌ನಲ್ಲಿ ಹಾಡು ಹಾಕಿ ಕೂರಿಸುವುದು ಇದಕ್ಕೆ ಸಮನಾಗದು, ಏಕೆಂದರೆ ಮೊಬೈಲ್ ಮಗುವಿನ ಮಾತಿಗೆ ಮರುಮಾತು ಕೊಡುವುದಿಲ್ಲ.

ಧ್ವನಿ ನೀಡುವ ಸಾಧನಗಳು

ಕಿವಿ ಸರಿಯಿದ್ದೂ ಮಾತು ಬಾರದ ಮಕ್ಕಳಿದ್ದಾರೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಕೆಲವರಿಗೆ ಚಿತ್ರ ಮುಟ್ಟಿದರೆ ಪದ ನುಡಿಯುವ ಸಾಧನ ನೆರವಾಗುತ್ತದೆ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’ ಈ ಬಗೆಯದು. ಇಂಥ ಸಾಧನ ಕೊಟ್ಟರೆ ಮಗು ಮಾತು ಕಲಿಯಲು ಸೋಮಾರಿಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಕ್ಷರ ಗುರುತಿಸಲು ತೊಡಕಿರುವ ಮಕ್ಕಳಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಉಪಯುಕ್ತ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ವಿಸ್ತರಿಸಿದ ಮೇಲೆ, ನುಡಿದದ್ದನ್ನು ಬರಹದಲ್ಲಿ ತೋರಿಸುವುದು ಸಾಮಾನ್ಯ ಮೊಬೈಲ್‌ನಲ್ಲೇ ಸಾಧ್ಯವಾಗಿದೆ.

ನಿರ್ವಹಣೆ

* ಮಗು ಎಚ್ಚರವಿರುವಷ್ಟು ಹೊತ್ತೂ ಯಂತ್ರ ಧರಿಸಿರಬೇಕು. ಶಾಲೆಗೆ ಮಾತ್ರ ಸೀಮಿತವಾಗಬಾರದು.
* ರಾತ್ರಿ ಸಿಲಿಕಾ ಜೆಲ್ ಹರಳುಗಳಿರುವ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬೆವರಿನ ತೇವ ಆರುತ್ತದೆ.
* ಸಿಮೆಂಟ್, ಕಲ್ಲಿನ ಧೂಳು ಮೈಕಿನ ರಂಧ್ರವನ್ನು ಮುಚ್ಚುತ್ತದೆ. ಒಣ ಬ್ರಷ್‌ನಿಂದ ಒರೆಸಬೇಕು, ನೀರು ಸೋಕಿಸಬಾರದು.
* ಜಿಂಕ್–ಏರ್ ಬ್ಯಾಟರಿಯ ಪಟ್ಟಿ ಕಿತ್ತೊಡನೆ ಅದು ಬಳಸದಿದ್ದರೂ ಸವೆಯುತ್ತದೆ. ಸಾಮಾನ್ಯವಾಗಿ ಒಂದೆರಡು ವಾರ ಬಾಳುತ್ತದೆ.
* ಮಗು ಬ್ಯಾಟರಿ ನುಂಗಿದರೆ ತುರ್ತಾಗಿ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಿ ನೆರವು?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ ಪ್ರಮುಖ ಕೇಂದ್ರ. ಇಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳೊಡನೆ ತಾಯಂದಿರೂ ತರಬೇತಿ ಪಡೆಯುತ್ತಾರೆ. ಮೈಸೂರು ದೂರವಾದವರಿಗೆ ಸಂಸ್ಥೆಯ ದೂರಸಂಪರ್ಕ ಚಿಕಿತ್ಸಾ ಸೇವೆಯಿದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಶ್ರವಣಯಂತ್ರ ಮತ್ತು ಕಾಕ್ಲಿಯರ್ ಇಂಪ್ಲಾಂಟ್‌ಗೆ ಆದಾಯ ಮಿತಿಗೊಳಪಟ್ಟು ನೆರವು ದೊರೆಯುತ್ತದೆ. ರಾಜ್ಯದ ‘ಶ್ರವಣ ಸಂಜೀವಿನಿ’ ಯೋಜನೆ ಆರು ವರ್ಷದೊಳಗಿನ ಮಕ್ಕಳ ಉಚಿತ ಇಂಪ್ಲಾಂಟ್‌ಗಾಗಿ ರೂಪಿತವಾಗಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದಶ್ರವಣ. 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು. ಒಂದೇ ಕಿವಿಯ ಅಥವಾ 40 ಡೆಸಿಬೆಲ್ ದೋಷದ ಮಗು ಈ ಗೆರೆಯ ಹೊರಗೆ ಉಳಿದು ಪ್ರಮಾಣಪತ್ರ ಪಡೆಯದಿರಬಹುದು. ಆದರೂ ಅದಕ್ಕೆ ಯಂತ್ರ, ಮುಂದಿನ ಸಾಲು, ಶಿಕ್ಷಕರ ಗಮನ ಬೇಕೇ ಬೇಕು.

ಎಲ್ಲ ಮಕ್ಕಳಿಗೂ ಸಾಧನದಿಂದ ಒಂದೇ ಬಗೆಯ ಫಲ ಸಿಗುವುದಿಲ್ಲ. ತಡವಾಗಿ ಪತ್ತೆಯಾದ ಮಗುವಿಗೆ ಭಾರತೀಯ ಸನ್ಹೆ ಭಾಷೆ ಕಲಿಕೆಯ ಗಟ್ಟಿ ಹಾದಿಯಾಗಬಲ್ಲದು. ಅದನ್ನು ಸೋಲೆಂದು ಭಾವಿಸಬೇಕಿಲ್ಲ. ಮಾತಾಗಲಿ, ಸನ್ಹೆಯಾಗಲಿ, ಮೊದಲ ವರ್ಷಗಳಲ್ಲಿ ಮಗುವಿಗೆ ಭಾಷೆಯೊಂದು ದೊರೆಯಲೇಬೇಕು. ಮಗು ಕೇಳುತ್ತಿಲ್ಲವೆಂಬ ಅನುಮಾನ ಬಂದಲ್ಲಿ ಮುಂದಿನ ಹಬ್ಬ, ಮುಂದಿನ ಸುಗ್ಗಿ ಎನ್ನದೆ ಅದೇ ವಾರ ಕಿವಿಯ ಪರೀಕ್ಷೆ ಮಾಡಿಸುವುದು ಪೋಷಕರ ಮೊದಲ ಕರ್ತವ್ಯ.