ಶ್ರವಣಬೆಳ್ಗೊಳದ ಶಾಸನಗಳ ಉಲ್ಲೇಖಕ್ರಮ

ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಕಂಬದಲ್ಲಿರುವ ಮಲ್ಲಿಷೇಣ ಪ್ರಶಸ್ತಿಯು (ಕ್ರಿ.ಶ. 1129) ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರನ್ನು ಸ್ಮರಿಸುವ ಪ್ರಮುಖ ಆಕರ. ಬಿ. ಎಲ್. ರೈಸರು 1889ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ, 144 ಶಾಸನಗಳ ಸಂಪುಟದಲ್ಲಿ ಇದರ ಸಂಖ್ಯೆ 54. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಶಾಸನಗಳು 500ಕ್ಕೆ ಏರಿ, ಇದು 67 ಆಯಿತು. ಆದುದರಿಂದ ‘ಶ್ರವಣಬೆಳ್ಗೊಳ 54’ ಎಂದಷ್ಟೇ ಬರೆದಲ್ಲಿ, ಪರಿಷ್ಕೃತ ಸಂಪುಟವನ್ನು ತೆರೆದವನಿಗೆ ಬೇರೊಂದು ಶಾಸನವೇ ದೊರೆಯುತ್ತದೆ. ಗುರುಪರಂಪರೆಯ ನಿರ್ಣಯವು ತಪ್ಪಲು ಅಷ್ಟೇ ಸಾಕು. ಹೀರಾಲಾಲ ಜೈನರು 1928ರ ‘ಜೈನ ಶಿಲಾಲೇಖ ಸಂಗ್ರಹ’ದಲ್ಲಿ 54 (67) ಎಂದು ಎರಡು ಸಂಖ್ಯೆಗಳನ್ನೂ ಕೊಟ್ಟುದು ವಿವೇಕದ ಕ್ರಮ. 1973ರಲ್ಲಿ ಮೈಸೂರಿನಿಂದ ಹೊರಬಂದ ಆವೃತ್ತಿಯಲ್ಲಿ ಶಾಸನಗಳು 573. ಆ ಬಳಿಕ ಸಂಖ್ಯೆಯೊಡನೆ ಆವೃತ್ತಿಯ ವರ್ಷವನ್ನೂ, ಶಾಸನವಿರುವ ಬಸದಿಯನ್ನೂ ನಮೂದಿಸದ ಉಲ್ಲೇಖವು ಅಪೂರ್ಣವೆಂದೇ ಎಣಿಸತಕ್ಕದ್ದು.